ಕಣಿವೆಯಲ್ಲಿ ಕುದಿದದ್ದು, ಕಡಲಂಚಿನಲ್ಲಿ ಬೆಳಗಿದ್ದು

1927ರಲ್ಲಿ ಪಯೊನಿಯರ್ ಡೆವಲಪ್‌ಮೆಂಟ್ ಎಂಬ ಕಂಪನಿಯವರು ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯ ಮರುಭೂಮಿಗೆ ಕೊರೆಯುವ ಯಂತ್ರ ಹೊತ್ತು ಬಂದರು. ಸಾಲ್ಟನ್ ಸಮುದ್ರ ಎಂಬ ಉಪ್ಪು ಸರೋವರದ ದಂಡೆಯಲ್ಲಿ, ಮಲೆಟ್ ದ್ವೀಪ ಎಂದು ಕರೆಯುವ ಪುಟ್ಟ ಜ್ವಾಲಾಮುಖಿ ಗುಡ್ಡದ ಹತ್ತಿರ ಮೂರು ಬಾವಿ ಕೊರೆದರು. ಅವರಿಗೆ ಬೇಕಿದ್ದದ್ದು ಹಬೆ. ಹಬೆಯಿಂದ ಟರ್ಬೈನು ತಿರುಗಿಸಿ ಕರೆಂಟು ಮಾಡುವ ಲೆಕ್ಕಾಚಾರ. ಅಲ್ಲಿ ಸುತ್ತಮುತ್ತ ನೆಲವೇ ಕೊತಕೊತ ಕುದಿಯುತ್ತ ಕೆಸರು ಉಗುಳುತ್ತಿದ್ದುದರಿಂದ ಆ ಆಸೆ ಹುಚ್ಚೇನೂ ಆಗಿರಲಿಲ್ಲ. ಆದರೆ ಸಿಕ್ಕ ಹಬೆ ಸಾಲಲಿಲ್ಲ. ಅದರ ಜೊತೆಗೆ ಇಂಗಾಲದ ಡೈಆಕ್ಸೈಡ್ ಮಾತ್ರ ಧಾರಾಳವಾಗಿ ಬಂತು. 1930ರ ದಶಕದಲ್ಲಿ ಬೇರೆಯವರು ಅದೇ ಸೀಮೆಯಲ್ಲಿ ಆ ಅನಿಲವನ್ನು ಹಿಡಿದು ಡ್ರೈ ಐಸ್ ಮಾಡತೊಡಗಿದರು. ಕಣಿವೆಯ ತರಕಾರಿ ಹೊತ್ತು ದೂರದ ಪೇಟೆಗಳಿಗೆ ಹೊರಟ ರೈಲು ಡಬ್ಬಿಗಳನ್ನು ತಂಪಾಗಿಡಲು ಅದು ಬೇಕಿತ್ತು. 1954ರವರೆಗೂ ಆ ವ್ಯಾಪಾರ ನಡೆಯಿತು. ಬೆಂಕಿ ಹುಡುಕಿಕೊಂಡು ಹೋದ ಜಾಗದಲ್ಲಿ ಇಪ್ಪತ್ತು ವರ್ಷ ಮಂಜುಗಡ್ಡೆ ಮಾರಾಟವಾಯಿತು!

ಇಂಪೀರಿಯಲ್ ಕಣಿವೆ ಎಂದು ಕರೆಯುವ ಈ ಸೀಮೆಯ ನೂರು ವರ್ಷದ ಇಂಧನ ಚರಿತ್ರೆಯನ್ನು ಓದುತ್ತ ಹೋದರೆ ಇಂಥ ವಿಚಿತ್ರಗಳು ಮತ್ತೆಮತ್ತೆ ಎದುರಾಗುತ್ತವೆ. ಅಲ್ಲಿ ಶಕ್ತಿಗೆ ಎಂದೂ ಬರವಿರಲಿಲ್ಲ. ನೆಲದಡಿ ಶಾಖ, ಮೇಲೆ ಬಿಸಿಲು, ಅಂಚಿನ ಬೆಟ್ಟದ ಸಂದಿಗಳಲ್ಲಿ ಗಾಳಿ, ನಾಲೆಯಲ್ಲಿ ಧುಮುಕುವ ನೀರು, ನಾಲ್ಕೂ ಇದ್ದವು. ಅವುಗಳನ್ನು ಕರೆಂಟಾಗಿಸುವ, ಆ ಕರೆಂಟನ್ನು ದುಡ್ಡಾಗಿಸುವ ಕೀಲಿಕೈ ಮಾತ್ರ ಹೆಚ್ಚುಕಡಿಮೆ ಯಾವಾಗಲೂ ಕಣಿವೆಯ ಹೊರಗಿನವರ ಬಳಿ ಇತ್ತು.

ಈ ಕಣಿವೆ ಮೆಕ್ಸಿಕೋ ಗಡಿಗೆ ಅಂಟಿಕೊಂಡಿದೆ. ಮುಖ್ಯ ಊರಾದ ಎಲ್ ಸೆಂಟ್ರೊ ಸಮುದ್ರಮಟ್ಟಕ್ಕಿಂತ ಸುಮಾರು 12 ಮೀಟರ್ ಕೆಳಗಿದ್ದರೆ, ಸಾಲ್ಟನ್ ಸಮುದ್ರದ ನೀರಿನ ಮಟ್ಟ 70 ಮೀಟರಿಗಿಂತ ಕೆಳಗೆ. ವರ್ಷಕ್ಕೆ ಮೂರು ಇಂಚು ಮಳೆಯೂ ಬೀಳುವುದಿಲ್ಲ. ಬೇಸಿಗೆಯಲ್ಲಿ 45 ಡಿಗ್ರಿ ಮಾಮೂಲು. ಇಷ್ಟು ತಗ್ಗಾಗಲು ಕಾರಣ ಭೂಮಿಯ ಹೊರಪದರವೇ ಇಲ್ಲಿ ಹರಿದು ಸೀಳುತ್ತಿರುವುದು. ಪೆಸಿಫಿಕ್ ಫಲಕವೂ ಉತ್ತರ ಅಮೆರಿಕದ ಫಲಕವೂ ಒಂದನ್ನೊಂದು ಉಜ್ಜಿಕೊಂಡು ಸರಿಯುವ ಸ್ಯಾನ್ ಆಂಡ್ರಿಯಾಸ್ ಬಿರುಕು ಸಾಲ್ಟನ್ ಸಮುದ್ರದ ಪೂರ್ವ ದಂಡೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ದಕ್ಷಿಣಕ್ಕೆ ನೆಲ ಹಿಗ್ಗಿ ತೆಳುವಾಗಿದೆ. ಕರಗಿದ ಬಂಡೆ ಮೇಲಕ್ಕೆ ಹತ್ತಿರ ಬಂದಿದೆ. ಆ ತಗ್ಗನ್ನು ಕೊಲರಾಡೊ ನದಿ ಲಕ್ಷಾಂತರ ವರ್ಷ ಹೂಳು ಸುರಿದು ತುಂಬಿತು. ನದಿ ಆಗಾಗ ದಿಕ್ಕು ತಪ್ಪಿ ಇತ್ತ ನುಗ್ಗಿ ಸರೋವರವಾಗುತ್ತಿತ್ತು, ಆಮೇಲೆ ಬತ್ತಿ ಉಪ್ಪು ಬಿಡುತ್ತಿತ್ತು. ಆ ಉಪ್ಪು ಕೆಳಗಿಳಿದು ಬಿಸಿ ಬಂಡೆಗಳ ನಡುವಿನ ನೀರಿಗೆ ಸೇರಿತು. ಮುಂದೆ ಎಂಜಿನಿಯರುಗಳನ್ನು ಐವತ್ತು ವರ್ಷ ಕಾಡಿದ್ದು ಇದೇ ಉಪ್ಪು.

ನದಿ ಕೊನೆಯ ಸಲ ದಿಕ್ಕು ತಪ್ಪಿದ್ದು ಮಾತ್ರ ಮನುಷ್ಯರ ಅವಸರದಿಂದ. ಚಾರ್ಲ್ಸ್ ರಾಕ್‌ವುಡ್, ಜಾರ್ಜ್ ಚ್ಯಾಫಿ ಎಂಬುವರು 1901ರಲ್ಲಿ ಮೆಕ್ಸಿಕೋ ನೆಲದ ಮೂಲಕ ಕಾಲುವೆ ತಂದು ಕಣಿವೆಗೆ ನೀರು ಹರಿಸಿದರು. ಜನರನ್ನು ಆಕರ್ಷಿಸಲು ‘ಇಂಪೀರಿಯಲ್’ ಎಂಬ ಭರ್ಜರಿ ಹೆಸರನ್ನೂ ಇಟ್ಟರು. ಕಾಲುವೆಯ ಬಾಯಿ ಹೂಳಿನಿಂದ ಮುಚ್ಚಿಕೊಂಡಿತು. 1904ರಲ್ಲಿ ದಂಡೆಯನ್ನು ಇನ್ನೊಂದು ಕಡೆ ಕಡಿದರು. ಗೇಟು ಕೂರಿಸುವ ಮೊದಲೇ 1905ರ ಪ್ರವಾಹ ಬಂದು ಇಡೀ ನದಿಯೇ ಆ ಸೀಳಿನಲ್ಲಿ ನುಗ್ಗಿತು. 1907ರ ಫೆಬ್ರವರಿಯಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆಯವರು ಡಬ್ಬಿಗಟ್ಟಲೆ ಬಂಡೆ ಸುರಿದು ಮುಚ್ಚುವ ಹೊತ್ತಿಗೆ ಸಾಲ್ಟನ್ ಸಮುದ್ರ ಹುಟ್ಟಿಯಾಗಿತ್ತು.

ಆ ಕಾಲುವೆ ತಂದಿದ್ದ ನೀರಿನ ಕಂಪನಿ ಮುಳುಗಿದ ಮೇಲೆ ರೈತರೇ ಸೇರಿ 1911ರಲ್ಲಿ ಇಂಪೀರಿಯಲ್ ನೀರಾವರಿ ಜಿಲ್ಲೆ ಎಂಬ ಸಾರ್ವಜನಿಕ ಸಂಸ್ಥೆ ಕಟ್ಟಿಕೊಂಡರು. ನನ್ನ ದೃಷ್ಟಿಯಲ್ಲಿ ಈ ಕಥೆಯ ಅತಿ ಮುಖ್ಯ ಪಾತ್ರ ಇದು. ಅಮೆರಿಕದ ನೆಲದಲ್ಲೇ ಹರಿಯುವ ಸುಮಾರು 80 ಮೈಲಿಯ ಆಲ್-ಅಮೆರಿಕನ್ ಕಾಲುವೆಗಾಗಿ ಹಟ ಹಿಡಿದದ್ದು ಅದೇ ಸಂಸ್ಥೆ. 1928ರ ಕಾಯ್ದೆಯಿಂದ ಕಾಲುವೆ ಮಂಜೂರಾಯಿತು. 1940ರಲ್ಲಿ ಅದರ ನೀರು ಕಣಿವೆ ಮುಟ್ಟಿತು. ಕಾಲುವೆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಧುಮುಕುತ್ತದೆ. ಆ ಧುಮುಕುಗಳಲ್ಲಿ ವಿದ್ಯುತ್ ಮಾಡಬಹುದೆಂದು ಲೆಕ್ಕ ಹಾಕಿದ ಸಂಸ್ಥೆ 1936ರಲ್ಲೇ ಕರೆಂಟಿನ ವ್ಯವಹಾರಕ್ಕೆ ಇಳಿದಿತ್ತು. 1941ರಲ್ಲಿ ಕಾಲುವೆಯ ಟರ್ಬೈನುಗಳು ತಿರುಗಿದವು. ನವೀಕರಿಸಬಹುದಾದ ವಿದ್ಯುತ್ ಇದು. ಪ್ರಮಾಣದಲ್ಲಿ ಚಿಕ್ಕದು. ಆದರೆ ರೈತರೇ ಆರಿಸಿದ ಮಂಡಳಿಯ ಕೈಯಲ್ಲಿತ್ತು, ಕಣಿವೆಯ ಮನೆಗಳಲ್ಲೇ ಉರಿಯಿತು. ಮುಂದೆ ಬಂದ ದೊಡ್ಡ ಯೋಜನೆಗಳ ಬಗ್ಗೆ ಈ ಮಾತು ಹೇಳಲಾಗದು.

1957ರಲ್ಲಿ ಎಣ್ಣೆ ಹುಡುಕುವವರು ಸಾಲ್ಟನ್ ಸಮುದ್ರದ ದಕ್ಷಿಣಕ್ಕೆ ಸಿಂಕ್ಲೇರ್ ನಂಬರ್ 1 ಎಂಬ ಬಾವಿ ಕೊರೆದರು. ಎಣ್ಣೆಯ ಬದಲು ಕುದಿಯುವ ಉಪ್ಪುನೀರು ಚಿಮ್ಮಿತು. 1960ರ ದಶಕದ ಆರಂಭದಲ್ಲಿ ಮೈಲಿಯಷ್ಟು ಆಳದ ಬಾವಿಗಳು ಬಂದವು. ಒಂದು ಬಾವಿಯ ಪೈಪಿನೊಳಗೆ ಕಟ್ಟಿದ ಗಾರೆಯನ್ನು ಕೆರೆದು ಪರೀಕ್ಷಿಸಿದ ಭೂವಿಜ್ಞಾನಿಗಳಿಗೆ ಅದರಲ್ಲಿ ತಾಮ್ರ, ಬೆಳ್ಳಿ ಹೇರಳವಾಗಿ ಕಂಡವು. ಭೂಮಿಯೊಳಗೆ ಅದಿರು ಹೇಗೆ ಹುಟ್ಟುತ್ತದೆಂಬುದನ್ನು ಕಣ್ಣೆದುರೇ ನೋಡಿದ ಸಂಭ್ರಮ ಅವರಿಗೆ. ಕರೆಂಟು ಮಾಡಲು ಬಂದವರಿಗೆ ಅದೇ ತಲೆನೋವು.

ಈ ತಲೆನೋವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಳಗಿನ ನೀರು 300 ಡಿಗ್ರಿಗೂ ಮೀರಿ ಬಿಸಿ. ಅದರ ತೂಕದಲ್ಲಿ ಕಾಲುಭಾಗದಷ್ಟು ಕರಗಿದ ಲವಣ, ಅಂದರೆ ಸಮುದ್ರದ ನೀರಿನ ಏಳು ಪಟ್ಟು. ಒತ್ತಡ ಕಡಿಮೆಯಾದೊಡನೆ ನೀರಿನ ಒಂದು ಪಾಲು ಹಬೆಯಾಗುತ್ತದೆ. ಟರ್ಬೈನಿಗೆ ಬೇಕಾದದ್ದು ಆ ಹಬೆ. ಉಳಿದ ನೀರು ತಣಿಯುತ್ತ ಹೋದಂತೆ ಅದರಲ್ಲಿನ ಸಿಲಿಕಾ ಕರಗಿರಲಾರದೆ ಕಂಡಕಂಡಲ್ಲಿ ಅಂಟುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ವರ್ಷಗಟ್ಟಲೆಯಲ್ಲಿ ಕಟ್ಟುವ ಬಿಳಿ ಪದರ ಇಲ್ಲಿ ದಿನಗಳಲ್ಲಿ ಕಟ್ಟಿ ಪೈಪಿನ ಬಾಯನ್ನೇ ಮುಚ್ಚಿಬಿಡುತ್ತಿತ್ತು. ಅದರ ಮೇಲೆ ಉಪ್ಪು ಉಕ್ಕನ್ನು ತಿನ್ನುತ್ತಿತ್ತು. ಬಳಸಿದ ನೀರನ್ನು ಮತ್ತೆ ನೆಲದೊಳಗೆ ಇಳಿಸಲು ಹೋದರೆ ಆ ಬಾವಿಯೂ ಕಟ್ಟಿಕೊಳ್ಳುತ್ತಿತ್ತು.

ಇಲ್ಲಿ ಗಡಿಯಾಚೆಗೆ ಒಂದು ಕಣ್ಣು ಹಾಯಿಸಬೇಕು. ನೆಲ ಹಿಗ್ಗಿ ಉಂಟಾದ ಈ ತಗ್ಗು ಮೆಕ್ಸಿಕೋದ ಒಳಗೂ ಮುಂದುವರಿಯುತ್ತದೆ. ಅದೇ ತಗ್ಗಿನ ದಕ್ಷಿಣ ಭಾಗ ಮೆಕ್ಸಿಕಾಲಿ ಕಣಿವೆ. ಅಲ್ಲಿನ ಸೆರೊ ಪ್ರಿಯೆಟೊದಲ್ಲಿ ನೆಲದಡಿಯ ನೀರು ಇಷ್ಟು ಉಪ್ಪಿಲ್ಲ. ಮೆಕ್ಸಿಕೋ ಸರ್ಕಾರದ ವಿದ್ಯುತ್ ಆಯೋಗ 1973ರಲ್ಲೇ ಅಲ್ಲಿ 75 ಮೆಗಾವಾಟ್ ಸ್ಥಾವರ ನಡೆಸತೊಡಗಿತು. ಅದನ್ನು ಬೆಳೆಸುತ್ತ ಬೆಳೆಸುತ್ತ 720 ಮೆಗಾವಾಟ್ ಮುಟ್ಟಿಸಿ, ಜಗತ್ತಿನ ದೊಡ್ಡ ಭೂಶಾಖ ವಿದ್ಯುತ್ ಕೇಂದ್ರಗಳಲ್ಲಿ ಒಂದಾಗಿಸಿತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಂಪನಿಗಳೇ ಅಲ್ಲಿಂದ ಕರೆಂಟು ಕೊಂಡವು. ಹಣದಲ್ಲೂ ತಂತ್ರಜ್ಞಾನದಲ್ಲೂ ಮುಂದಿದ್ದ ದೇಶ ತನ್ನ ಪಾಲಿನ ನೆಲದ ಮುಂದೆ ಕೈಕಟ್ಟಿ ನಿಂತಿದ್ದಾಗ ನೆರೆಯವರು ಕೆಲಸ ಮುಗಿಸಿದ್ದರು. ಅಮೆರಿಕದ ಇಂಧನ ಚರಿತ್ರೆ ಬರೆಯುವವರು ಇದನ್ನು ಒಂದೇ ಸಾಲಿನಲ್ಲಿ ದಾಟಿಹೋಗುವುದು ನನಗೆ ಸರಿಕಾಣುವುದಿಲ್ಲ.

1973ರ ತೈಲ ಬಿಕ್ಕಟ್ಟು ಅಮೆರಿಕದವರನ್ನು ಎಬ್ಬಿಸಿತು. ರಿವರ್‌ಸೈಡ್ ವಿಶ್ವವಿದ್ಯಾಲಯದ ರಾಬರ್ಟ್ ರೆಕ್ಸ್ ಮೊದಲೇ ಕಣಿವೆಯ ಶಾಖದ ಬಗ್ಗೆ ಬಹಳ ದೊಡ್ಡ ಅಂದಾಜುಗಳನ್ನು ಮುಂದಿಟ್ಟಿದ್ದರು. 1976ರಲ್ಲಿ ಸ್ಯಾನ್ ಡಿಯೇಗೊದ ವಿದ್ಯುತ್ ಕಂಪನಿಯೂ ಕೇಂದ್ರ ಸರ್ಕಾರವೂ ಸೇರಿ ನೈಲಂಡ್ ಊರಿನ ಬಳಿ ಒಂದು ಪ್ರಯೋಗ ಸ್ಥಾವರ ಕಟ್ಟಿದವು. ಅದು ಒಂದು ಯೂನಿಟ್ ಕರೆಂಟನ್ನೂ ಮಾರಲು ಕಟ್ಟಿದ್ದಲ್ಲ. ಉಪ್ಪುನೀರಿನ ಸ್ವಭಾವ ಕಲಿಯಲು ಕಟ್ಟಿದ ಶಾಲೆ. ಸಿಲಿಕಾ ಅಂಟದಂತೆ ತಡೆಯುವ ಯತ್ನಗಳೆಲ್ಲ ಸೋತ ಮೇಲೆ ಹೊಳೆದ ಉಪಾಯ ತಿರುವುಮುರುವು: ಅಂಟಲಿ, ಆದರೆ ನಾವು ಹೇಳಿದ ಕಡೆ ಅಂಟಲಿ. ಹಿಂದಿನ ಸುತ್ತಿನಲ್ಲಿ ಬೇರ್ಪಟ್ಟ ಸಿಲಿಕಾ ಪುಡಿಯನ್ನೇ ನೀರಿಗೆ ಬೆರೆಸಿದರೆ ಹೊಸ ಸಿಲಿಕಾ ಪೈಪಿನ ಗೋಡೆ ಬಿಟ್ಟು ಆ ಕಣಗಳ ಮೇಲೆ ಕೂರುತ್ತದೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಅದನ್ನು ತಂಗಿಸಿ, ತಿಳಿಯಾದ ನೀರನ್ನು ನೆಲಕ್ಕೆ ಇಳಿಸಬಹುದು. ಸಾಲ್ಟನ್ ದಂಡೆಯ ಭೂಶಾಖ ಉದ್ಯಮ ಇವತ್ತಿಗೂ ಬಹುಮಟ್ಟಿಗೆ ನಿಂತಿರುವುದು ಈ ಉಪಾಯದ ಮೇಲೆ. ಇದಕ್ಕಾಗಿ ದಶಕಗಟ್ಟಲೆ ದುಡಿದ ಎಂಜಿನಿಯರ್ ಜಾನ್ ಫೆದರ್‌ಸ್ಟೋನ್ ಅವರ ಹೆಸರನ್ನು 2012ರಲ್ಲಿ ಶುರುವಾದ ಒಂದು ಸ್ಥಾವರಕ್ಕೆ ಇಟ್ಟಿದ್ದಾರೆ. ಆ ಸ್ಥಾವರದ ಸಾಮರ್ಥ್ಯ 49.9 ಮೆಗಾವಾಟ್. ಆ ಸೊನ್ನೆ ದಶಾಂಶ ಒಂದು ಕೊರತೆ ಎಂಜಿನಿಯರಿಂಗಿನದಲ್ಲ: 50 ಮುಟ್ಟಿದರೆ ಪರವಾನಗಿಗೆ ರಾಜ್ಯದ ಇಂಧನ ಆಯೋಗದ ಬಾಗಿಲು ಬಡಿಯಬೇಕು.

ಎಲ್ಲ ಪ್ರಯೋಗಗಳೂ ಗೆದ್ದವೆಂದಲ್ಲ. ಬ್ರಾಲಿ ಊರಿನ ಬಳಿ 1980ರಲ್ಲಿ ಶುರುವಾದ 10 ಮೆಗಾವಾಟ್ ಸ್ಥಾವರ ಕೆಲವೇ ವರ್ಷಗಳಲ್ಲಿ ನಿಂತಿತು. ಹೀಬರ್‌ನಲ್ಲಿ ಸರ್ಕಾರದ ನೆರವಿನಿಂದ ಕಟ್ಟಿದ 45 ಮೆಗಾವಾಟ್ ಮಾದರಿ ಸ್ಥಾವರ 1985ರಲ್ಲಿ ಬಂದು 1987ರಲ್ಲಿ ಬಾಗಿಲು ಹಾಕಿತು. ಈಸ್ಟ್ ಮೆಸಾದಲ್ಲಿ ಇಸ್ರೇಲಿನ ಓರ್ಮಾಟ್ ಕಂಪನಿ, ಕಡಿಮೆ ಬಿಸಿಯ ನೀರಿನಿಂದ ಬೇಗ ಕುದಿಯುವ ಬೇರೊಂದು ದ್ರವವನ್ನು ಆವಿ ಮಾಡಿ ಟರ್ಬೈನು ತಿರುಗಿಸಿ ಯಶಸ್ವಿಯಾಯಿತು. ಸಾಲ್ಟನ್ ದಂಡೆಯಲ್ಲಿ 1982ರಲ್ಲಿ 10 ಮೆಗಾವಾಟಿನ ಮೊದಲ ಘಟಕ ನಡೆದದ್ದೇ ಬಾಗಿಲು ತೆರೆದಂತಾಯಿತು.

ನಿಜವಾದ ಭರಾಟೆ ತಂದದ್ದು ಒಂದು ಒಪ್ಪಂದದ ನಮೂನೆ. 1978ರ ಕೇಂದ್ರ ಕಾಯ್ದೆಯೊಂದು, ಸಣ್ಣ ಉತ್ಪಾದಕರಿಂದ ದೊಡ್ಡ ಕಂಪನಿಗಳು ಕರೆಂಟು ಕೊಳ್ಳಲೇಬೇಕೆಂದು ಹೇಳಿತು. ಕ್ಯಾಲಿಫೋರ್ನಿಯಾ 1983ರಲ್ಲಿ ಅದಕ್ಕೊಂದು ಸಿದ್ಧ ಒಪ್ಪಂದ ರೂಪಿಸಿತು. ಹತ್ತು ವರ್ಷದವರೆಗೆ ದರ ಮೊದಲೇ ನಿಗದಿ. ತೈಲದ ಬೆಲೆ ಏರುತ್ತಲೇ ಹೋಗುತ್ತದೆಂದು ನಂಬಿ ಬರೆದ ದರಗಳವು. ಅರ್ಜಿಗಳ ನೂಕುನುಗ್ಗಲಿಗೆ ಬೆದರಿ 1985ರಲ್ಲಿ ಅದನ್ನು ನಿಲ್ಲಿಸಿದರು. ಮರುವರ್ಷವೇ ತೈಲದ ಬೆಲೆ ಕುಸಿಯಿತು. ಅಷ್ಟರಲ್ಲಿ ಸಹಿ ಹಾಕಿದ್ದವರು ಗೆದ್ದಿದ್ದರು. ಮ್ಯಾಗ್ಮಾ ಪವರ್ ಕಂಪನಿ ಒಂದರ ಹಿಂದೊಂದು ಸ್ಥಾವರ ಎಬ್ಬಿಸಿತು. ಕಣಿವೆಯಿಂದ ಹೊರಟ ಲೈನಿನಲ್ಲಿ ಕರೆಂಟು ಲಾಸ್ ಏಂಜಲೀಸ್ ಕಡೆಯ ಎಡಿಸನ್ ಕಂಪನಿಗೆ ಹರಿಯಿತು. ಹನ್ನೊಂದನೆಯ ವರ್ಷಕ್ಕೆ ನಿಗದಿತ ದರ ಮುಗಿದು, ಮಾರುಕಟ್ಟೆಯ ದರಕ್ಕೆ ದೊಪ್ಪನೆ ಬಿದ್ದಾಗ ಅದೇ ಸ್ಥಾವರಗಳು ಏದುಸಿರು ಬಿಟ್ಟವು. ಹೊಸ ಬಾವಿಗೆ ದುಡ್ಡು ಹಾಕುವವರಿಲ್ಲದೆ ಹೋಯಿತು. 1995ರಲ್ಲಿ ಕ್ಯಾಲ್‌ಎನರ್ಜಿ ಮ್ಯಾಗ್ಮಾವನ್ನು ನುಂಗಿತು. ಅದನ್ನೂ ಒಳಗೊಂಡ ಕಂಪನಿ 2000ದಲ್ಲಿ ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ತೆಕ್ಕೆಗೆ ಬಂತು. ಆ ಗುಂಪಿನ ಹತ್ತು ಸ್ಥಾವರಗಳು ಸುಮಾರು 345 ಮೆಗಾವಾಟ್ ಕೊಡುತ್ತವೆ. ಅಷ್ಟು ದೊಡ್ಡ ಶಾಖದ ಭಂಡಾರಕ್ಕೆ ಇದು ಅಲ್ಪವೇ ಸರಿ. ಕಂಪನಿ ಉಪ್ಪುನೀರಿನಿಂದ ಸತು ತೆಗೆಯಲೂ ಕೈಹಾಕಿತು. ವರ್ಷಕ್ಕೆ 30 ಸಾವಿರ ಟನ್ ಗುರಿ. ಯಂತ್ರಗಳು ಸರಿಯಾಗಿ ಓಡಲಿಲ್ಲ, ಸತುವಿನ ಬೆಲೆಯೂ ಕೈಕೊಟ್ಟಿತು. 2004ರಲ್ಲಿ ಅದಕ್ಕೆ ಬೀಗ ಬಿತ್ತು.

ಆಮೇಲೆ ಬಿಸಿಲಿನ ಸರದಿ. 2002ರಲ್ಲಿ ಕ್ಯಾಲಿಫೋರ್ನಿಯಾ, ವಿದ್ಯುತ್ ಕಂಪನಿಗಳು ಮಾರುವ ಕರೆಂಟಿನಲ್ಲಿ ಇಷ್ಟು ಪಾಲು ನವೀಕರಿಸಬಹುದಾದ್ದೇ ಇರಬೇಕೆಂದು ಕಾಯ್ದೆ ಮಾಡಿತು. 2011ರಲ್ಲಿ ಆ ಪಾಲನ್ನು 2020ಕ್ಕೆ ಶೇಕಡಾ 33ಕ್ಕೆ ಏರಿಸಿತು. ಕಂಪನಿಗಳ ಕಣ್ಣು ಸಹಜವಾಗಿ ಇತ್ತ ಹೊರಳಿತು. ಆದರೆ ಕರೆಂಟು ಸ್ಯಾನ್ ಡಿಯೇಗೊ ಮುಟ್ಟಬೇಕಾದರೆ ಬೆಟ್ಟ ದಾಟುವ ಲೈನು ಬೇಕು. ಸನ್‌ರೈಸ್ ಪವರ್‌ಲಿಂಕ್ ಎಂಬ 500 ಕಿಲೋವೋಲ್ಟ್ ಲೈನನ್ನು ಮೊದಲು ಆನ್ಸಾ-ಬೊರೇಗೊ ಎಂಬ ರಾಜ್ಯದ ಮರುಭೂಮಿ ಉದ್ಯಾನದ ಮಧ್ಯದಿಂದ ಎಳೆಯಲು ಹೊರಟರು. ‘ಹಸಿರು ಕರೆಂಟಿಗೆ ಹಸಿರನ್ನೇ ಸೀಳುವುದೇ?’ ಎಂಬ ವಿರೋಧಕ್ಕೆ ಮಣಿದು ದಾರಿಯನ್ನು ದಕ್ಷಿಣಕ್ಕೆ ಸರಿಸಿದರು. 117 ಮೈಲಿಯ ಆ ಲೈನಿಗೆ 1.9 ಶತಕೋಟಿ ಡಾಲರ್ ಖರ್ಚಾಗಿ, 2012ರ ಜೂನ್‌ನಲ್ಲಿ ಕರೆಂಟು ಹರಿಯಿತು.

ಲೈನಿನ ಭರವಸೆ ಹಿಡಿದು ಬಂದವುಗಳಲ್ಲಿ ಅತಿ ದೊಡ್ಡದು 709 ಮೆಗಾವಾಟಿನ ಇಂಪೀರಿಯಲ್ ವ್ಯಾಲಿ ಸೋಲಾರ್. ಆರು ಸಾವಿರ ಎಕರೆಗೂ ಮೀರಿದ ಸರ್ಕಾರಿ ಮರುಭೂಮಿಯಲ್ಲಿ, ಬಿಸಿಲನ್ನು ಸ್ಟರ್ಲಿಂಗ್ ಎಂಜಿನ್ನಿನ ಮೇಲೆ ಕೇಂದ್ರೀಕರಿಸುವ ಕನ್ನಡಿ ತಟ್ಟೆಗಳನ್ನು ಸಾವಿರಗಟ್ಟಲೆ ನಿಲ್ಲಿಸುವ ಯೋಜನೆ. 2010ರ ಅಕ್ಟೋಬರಿನಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ಕೊಲರಾಡೊ ನದಿ ದಂಡೆಯ ಮೂಲನಿವಾಸಿಗಳಾದ ಕ್ವೆಚಾನ್ ಜನ ನ್ಯಾಯಾಲಯಕ್ಕೆ ಹೋದರು. ಆ ನೆಲದ ತುಂಬ ಅವರ ಹಿರಿಯರ ಗುರುತುಗಳಿದ್ದವು. ಅಲ್ಲಿ ವಾಸಿಸುವ ಚಪ್ಪಟೆ ಬಾಲದ ಮುಳ್ಳುಹಲ್ಲಿಗೆ ಅವರ ಸೃಷ್ಟಿಕಥೆಯಲ್ಲಿ ಸ್ಥಾನವಿದೆ. ಡಿಸೆಂಬರಿನಲ್ಲಿ ನ್ಯಾಯಾಧೀಶ ಲ್ಯಾರಿ ಬರ್ನ್ಸ್ ಕೆಲಸಕ್ಕೆ ತಡೆ ಕೊಟ್ಟರು. ಅಧಿಕಾರಿಗಳು ತಾವು ಬರೆದ ಕಾಗದಗಳ, ಕರೆದ ಸಭೆಗಳ ದೊಡ್ಡ ಪಟ್ಟಿಯನ್ನೇ ಮುಂದಿಟ್ಟಿದ್ದರು. ಕಾಗದ ಎಷ್ಟೇ ಬರೆದರೂ ಅದು ಕಾನೂನು ಹೇಳುವ ಸಮಾಲೋಚನೆಯಾಗದು ಎಂಬುದು ಅವರ ತೀರ್ಪಿನ ಸಾರ. ಮುಂದಿನ ವರ್ಷ ಕನ್ನಡಿ ತಟ್ಟೆಗಳ ಕಂಪನಿಯೇ ದಿವಾಳಿಯಾಯಿತು. ಕಣಿವೆಯ ಪಶ್ಚಿಮದ ಒಕೊಟಿಯೊದಲ್ಲಿ ಮಾತ್ರ ಮೂಲನಿವಾಸಿಗಳ ವಿರೋಧದ ನಡುವೆಯೇ 112 ಗಾಳಿಯಂತ್ರ ನಿಂತವು. 2013ರ ಮೇ ತಿಂಗಳಲ್ಲಿ ಅವುಗಳಲ್ಲೊಂದರ ರೆಕ್ಕೆ ಮುರಿದು ಬಿತ್ತು.

ಮರುಭೂಮಿಯಲ್ಲಿ ಇಷ್ಟು ತಕರಾರಿದ್ದರೆ ಹೊಲದಲ್ಲೇ ಹಾಕೋಣವೆಂದು ಕಂಪನಿಗಳು ಹೊರಳಿದವು. ಹೊಲ ಸಮತಟ್ಟು, ಲೈನು ಹತ್ತಿರ, ಒಪ್ಪಂದಕ್ಕೆ ಒಬ್ಬನೇ ಮಾಲೀಕ. ಕ್ಯಾಂಪೊ ವರ್ಡೆಯ 139 ಮೆಗಾವಾಟ್, ಗಡಿ ಊರು ಕ್ಯಾಲೆಕ್ಸಿಕೊ ಬಳಿಯ ಮೌಂಟ್ ಸಿಗ್ನಲ್‌ನ 206 ಮೆಗಾವಾಟ್, ಹೀಗೆ ಸಾಲುಸಾಲು ಬಂದವು. ಲೂಸರ್ನ್ ಮೇವು ಬೆಳೆಯುತ್ತಿದ್ದ ಕಡೆ ಪ್ಯಾನೆಲ್ ಮಿನುಗಿತು. ಗುತ್ತಿಗೆ ಹಣ ಪಡೆದ ಜಮೀನುದಾರರಿಗೆ ಖುಷಿ. ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ನಂಬಿದವರಿಗೆ ಹಾಗೂ ಬೆಳಗಿನ ಜಾವಕ್ಕೆ ಮುಂಚೆ ಮೆಕ್ಸಿಕಾಲಿಯಿಂದ ಗಡಿ ದಾಟಿ ಕೂಲಿಗೆ ಬರುವವರಿಗೆ ಅಲ್ಲ. ಕಟ್ಟುವಾಗ ನೂರಾರು ಕೈಗಳಿಗೆ ಕೆಲಸ ಕೊಡುವ ಸೋಲಾರ್ ಸ್ಥಾವರ ಓಡತೊಡಗಿದ ಮೇಲೆ ಬೆರಳೆಣಿಕೆಯ ಜನರನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಈ ಭರಾಟೆ ಹಬ್ಬುವಾಗ ಕಣಿವೆಯ ನಿರುದ್ಯೋಗ ಶೇಕಡಾ 20ಕ್ಕಿಂತ ಮೇಲಿತ್ತು, ಇಡೀ ಅಮೆರಿಕದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು.

ನಡುವೆ ನೀರಿನ ಲೆಕ್ಕವೂ ಬದಲಾಗಿತ್ತು. 2003ರ ಒಪ್ಪಂದದಂತೆ ಕಣಿವೆಯ ನೀರಿನ ಒಂದು ಪಾಲು ಸ್ಯಾನ್ ಡಿಯೇಗೊ ಪ್ರದೇಶಕ್ಕೆ ಹೋಗತೊಡಗಿತು. ಹೊಲಗಳ ಬಸಿನೀರನ್ನೇ ನಂಬಿದ್ದ ಸಾಲ್ಟನ್ ಸಮುದ್ರ ಬತ್ತಿತು, ಬಯಲಾದ ತಳದಿಂದ ಎದ್ದ ಧೂಳು ಉಬ್ಬಸಕ್ಕೆ ಮೊದಲೇ ಹೆಸರಾಗಿದ್ದ ಊರುಗಳ ಮಕ್ಕಳ ಎದೆ ಸೇರಿತು. ನೀರು ಸರಿದ ಕಡೆ ಬಯಲಾದದ್ದು ಭೂಶಾಖದ ನೆಲವೂ ಹೌದು.

ಈಗ ಆ ನೆಲಕ್ಕೆ ಬಂದಿರುವ ಹೊಸ ಹೆಸರು ‘ಲಿಥಿಯಂ ಕಣಿವೆ’. ಗಾರೆ ಕಟ್ಟುತ್ತದೆಂದು ಶಪಿಸಿದ ಅದೇ ಉಪ್ಪುನೀರಿನಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ಇದೆ. ಸಿಂಬಲ್ ಎಂಬ ಕಂಪನಿ ಅದನ್ನು ತೆಗೆದು ತೋರಿಸಿತು; 2014ರಲ್ಲಿ ಟೆಸ್ಲಾ 32.5 ಕೋಟಿ ಡಾಲರಿಗೆ ಕೊಳ್ಳಲು ಮುಂದಾಯಿತು. ಮಾತು ಮುರಿದು, ಮರುವರ್ಷ ಸಿಂಬಲ್ ಮುಳುಗಿತು. 2023ರ ನವೆಂಬರಿನಲ್ಲಿ ಕೇಂದ್ರ ಇಂಧನ ಇಲಾಖೆಯ ಅಧ್ಯಯನವೊಂದು ಇಲ್ಲಿ 37.5 ಕೋಟಿ ವಿದ್ಯುತ್ ಕಾರುಗಳ ಬ್ಯಾಟರಿಗೆ ಸಾಲುವಷ್ಟು ಲಿಥಿಯಂ ಇರಬಹುದೆಂದಿತು. 2024ರ ಜನವರಿಯಲ್ಲಿ ಕಂಟ್ರೋಲ್ಡ್ ಥರ್ಮಲ್ ರಿಸೋರ್ಸಸ್ ಎಂಬ ಕಂಪನಿ ‘ಹೆಲ್ಸ್ ಕಿಚನ್’ ಯೋಜನೆಗೆ ಗುದ್ದಲಿಪೂಜೆ ಮಾಡಿತು. ಹಿಂದೆ ಮಲೆಟ್ ದ್ವೀಪದಲ್ಲಿ ಹಳೆಯ ನಾವಿಕನೊಬ್ಬ ನಡೆಸುತ್ತಿದ್ದ ಹೋಟೆಲಿನ ಹೆಸರದು. ವರ್ಷದೊಳಗೆ ಸ್ಥಳೀಯ ಸಂಘಟನೆಗಳು ನೀರು, ಗಾಳಿಯ ಪ್ರಶ್ನೆ ಎತ್ತಿ ದಾವೆ ಹೂಡಿದವು. ಲಿಥಿಯಂ ಬೆಲೆಯೂ ಅಷ್ಟರಲ್ಲಿ ಬಿದ್ದಿತ್ತು.

ಈ ಸಲ ಬೇರೆಯಾದದ್ದು ಒಂದು ವಿಷಯ, ಅದು ನನಗೆ ಲಿಥಿಯಂಗಿಂತ ದೊಡ್ಡದಾಗಿ ಕಾಣುತ್ತದೆ. 2022ರಲ್ಲಿ ರಾಜ್ಯದ ಶಾಸನಸಭೆ ತೆಗೆದ ಲಿಥಿಯಂಗೆ ಟನ್ ಲೆಕ್ಕದಲ್ಲಿ ತೆರಿಗೆ ಹಾಕಿ, ಅದರ ಶೇಕಡಾ 80 ಪಾಲು ಅದನ್ನು ತೆಗೆದ ಸೀಮೆಗೇ, ಉಳಿದದ್ದು ಸಾಲ್ಟನ್ ಸಮುದ್ರದ ದುರಸ್ತಿಗೆ ಎಂದು ಬರೆಯಿತು. 1941ರ ಕಾಲುವೆ ಟರ್ಬೈನುಗಳ ನಂತರ ಕಣಿವೆಯ ಪಾಲನ್ನು ಮೊದಲೇ ಗೊತ್ತುಮಾಡಿಕೊಂಡು ಶುರುವಾದ ದೊಡ್ಡ ಕೆಲಸ ನನಗೆ ಇದೊಂದೇ ಕಾಣುತ್ತದೆ. ಕಂಪನಿಗಳು ಟನ್ ಲೆಕ್ಕದ ತೆರಿಗೆ ಬೇಡವೆಂದು ಗದ್ದಲ ಮಾಡಿದರೂ ಸರ್ಕಾರ ಮಣಿಯದೆ ಸರಿಯಾದ್ದನ್ನೇ ಮಾಡಿತು. ತೆರಿಗೆ 2023ರಿಂದ ಜಾರಿಗೆ ಬಂತು. 2024 ಮುಗಿಯುವವರೆಗೂ ಕಣಿವೆಯ ಉಪ್ಪುನೀರಿನಿಂದ ವಾಣಿಜ್ಯ ಪ್ರಮಾಣದಲ್ಲಿ ಲಿಥಿಯಂ ಹೊರಬಂದಿರಲಿಲ್ಲ.